ಮಕ್ಕಳ ಆಟಕ್ಕೆ ಊಸರವಳ್ಳಿ: ದಯೆಯ ಪಾಠವೇ, ವ್ರತಭಂಗವೇ?

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಇವು ಶ್ರಾವಕರ ಮನೆಯ ಗುರುತುಗಳು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಎಚ್ಚರವೇ ಈ ಆಚಾರಗಳ ತಿರುಳು. ಇಂತಹ ಮನೆಯೊಂದರ ಮೂಲೆಯಲ್ಲಿ ಜಾಲರಿಯ ಪಂಜರವಿದೆ. ಅದರೊಳಗೆ ಒಂದು ಊಸರವಳ್ಳಿ ಕುಳಿತಿದೆ. ಸಂಜೆ ಶಾಲೆಯಿಂದ ಬಂದ ಬಾಲಕ ಡಬ್ಬಿಯಿಂದ ಜೀವಂತ ಜೀರುಂಡೆಯೊಂದನ್ನು ಚಿಮಟದಲ್ಲಿ ಹಿಡಿದು ಅದರ ಮುಂದೆ ಒಡ್ಡುತ್ತಾನೆ. ಆಗ ಆ ಮನೆಯ ಸೋಸಿದ ನೀರಿಗೆ ಉಳಿಯುವ ಅರ್ಥವೇನು?

ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕ, ಯೂರೋಪುಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಶಿಖೆಯುಳ್ಳ ಊಸರವಳ್ಳಿಯನ್ನೂ ಮಡಗಾಸ್ಕರಿನ ಬಣ್ಣಬಣ್ಣದ ಊಸರವಳ್ಳಿಯನ್ನೂ ಮಾರುತ್ತಾರೆ. ಅಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳ ಮಕ್ಕಳು ನೆರೆಮನೆಯಲ್ಲಿ ಕಂಡದ್ದನ್ನು ತಮಗೂ ಬೇಕೆಂದು ಕೇಳುವುದು ಸಹಜ. ಭಾರತದ ಮಹಾನಗರಗಳಲ್ಲಿಯೂ ವಿದೇಶೀ ಸರೀಸೃಪಗಳನ್ನು ಸಾಕುವ ಹವ್ಯಾಸ ಹಬ್ಬಿದೆ. ನಾಯಿಯಂತೆ ಬೊಗಳದ, ಬೆಕ್ಕಿನಂತೆ ಅಡುಗೆಮನೆಗೆ ನುಗ್ಗದ ಪ್ರಾಣಿಯೆಂದು ತಂದೆತಾಯಿಗಳು ಒಪ್ಪಿಬಿಡುತ್ತಾರೆ. ಒಪ್ಪಿಗೆಗೆ ಅವರು ಕೊಡುವ ಸಮರ್ಥನೆ ಒಂದೇ: ಪ್ರಾಣಿಯನ್ನು ಸಾಕಿದರೆ ಮಕ್ಕಳಲ್ಲಿ ದಯೆ ಬೆಳೆಯುತ್ತದೆ.

ಈ ಸಮರ್ಥನೆಯನ್ನು ಪ್ರಾಣಿಯ ಸ್ವಭಾವದೊಡನೆ ಇಟ್ಟು ನೋಡಬೇಕು. ಊಸರವಳ್ಳಿ ಒಂಟಿಯಾಗಿ ಬಾಳುವ ಜೀವಿ. ಅದು ಮನುಷ್ಯನ ಸ್ಪರ್ಶವನ್ನು ಬಯಸದು, ಸಂಗವನ್ನು ಬೇಡದು. ಬಟ್ಟಲಿನಲ್ಲಿ ಇಟ್ಟ ನೀರನ್ನು ಸಾಮಾನ್ಯವಾಗಿ ಮುಟ್ಟದು. ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಸಿಗದಿದ್ದರೆ ಅದರ ಎಲುಬುಗಳು ಮೆತ್ತಗಾಗಿ, ಕಾಲುಗಳು ಬಾಗಿ, ನರಳಿ ಸಾಯುತ್ತದೆ. ಆದುದರಿಂದಲೇ ಪಂಜರದೊಳಗೆ ಅದಕ್ಕಾಗಿ ವಿಶೇಷ ದೀಪಗಳನ್ನು ಉರಿಸಬೇಕಾಗುತ್ತದೆ. ಹೆಣ್ಣು ಊಸರವಳ್ಳಿ ಗಂಡಿನ ಸಂಗವಿಲ್ಲದೆಯೂ ಮೊಟ್ಟೆಗಳನ್ನು ಧರಿಸಬಹುದು. ಅಗೆದು ಇಡಲು ತೇವದ ಮಣ್ಣು ಸಿಗದಿದ್ದರೆ ಮೊಟ್ಟೆಗಳು ಒಡಲಲ್ಲೇ ಉಳಿದು ಪ್ರಾಣ ಹೋಗುವುದುಂಟು. ಇನ್ನು ಬಣ್ಣ. ಸುತ್ತಲಿನ ಬಣ್ಣದಲ್ಲಿ ಅಡಗಿಕೊಳ್ಳಲೆಂದೇ ಅದು ಬಣ್ಣ ಬದಲಿಸುತ್ತದೆಂಬ ಜನರ ನಂಬಿಕೆ ಪೂರ್ಣ ಸತ್ಯವಲ್ಲ. ಶಾಖ, ಕೋಪ, ಪ್ರಣಯ, ಭಯ ಇವೂ ಅದರ ಚರ್ಮದ ಮೇಲೆ ಬರೆಯಲ್ಪಡುತ್ತವೆ. ಅಂಗೈಯ ಮೇಲೆ ಕೂರಿಸಿದೊಡನೆ ಅದು ಕಪ್ಪಾಗುವುದನ್ನು ಕಂಡು ಮಗು ಚಪ್ಪಾಳೆ ತಟ್ಟುತ್ತದೆ. ಆ ಕಪ್ಪು ಹಲವು ವೇಳೆ ಆ ಜೀವದ ಭಯ. ಇನ್ನೊಂದು ಜೀವದ ಭಯವನ್ನು ವಿನೋದವೆಂದು ತಿಳಿಯುವುದು ಯಾವ ದಯೆಯ ಪಾಠ?

ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಬಂಧ, ಅಂದರೆ ಜೀವಿಯನ್ನು ಕಟ್ಟಿಹಾಕುವುದು. ಕೊನೆಯದು ಅನ್ನಪಾನನಿರೋಧ, ಅಂದರೆ ಆಹಾರ ನೀರನ್ನು ತಡೆಯುವುದು. ಪಂಜರದ ಊಸರವಳ್ಳಿ ಶ್ರಾವಕನನ್ನು ಈ ಎರಡರ ನಡುವೆ ಸಿಕ್ಕಿಸುತ್ತದೆ. ತಂದು ಕೂಡಿದ ಗಳಿಗೆಯಲ್ಲೇ ಬಂಧದ ದೋಷ ಒದಗಿತು. ಅದಕ್ಕೆ ಕೀಟಗಳನ್ನು ಕೊಡದಿದ್ದರೆ ಅನ್ನಪಾನನಿರೋಧ. ಕೊಟ್ಟರೆ ಮೂರು, ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿಗಳ ವಧೆ. ಸೊಪ್ಪು ಹಣ್ಣುಗಳಿಂದಲೇ ಅದನ್ನು ಸಾಕಬಹುದೆಂದು ವಾದಿಸುವವರಿದ್ದಾರೆ. ಯೆಮನ್ ಮೂಲದ ಜಾತಿ ಎಲೆಗಳನ್ನು ಒಂದಿಷ್ಟು ಮೆಲ್ಲುವುದು ನಿಜ. ಆದರೆ ಅಷ್ಟರಿಂದಲೇ ಅದು ಬದುಕಲಾರದು. ಬೆಳೆಯುವ ಮರಿಗೆ ದಿನಕ್ಕೆ ಹತ್ತು ಕೀಟಗಳೆಂದು ಹಿಡಿದರೂ ತಿಂಗಳಿಗೆ 300 ಜೀವಗಳು. ಆ ಕೀಟಗಳನ್ನು ಕೊಲ್ಲಿಸುವ ಮುನ್ನ ಒಂದೆರಡು ದಿನ ಸೊಪ್ಪು, ಗಜ್ಜರಿ ತಿನ್ನಿಸಿ ಕೊಬ್ಬಿಸಬೇಕು, ಮೈಮೇಲೆ ಸುಣ್ಣದ ಅಂಶದ ಪುಡಿ ಉದುರಿಸಬೇಕು ಎಂದು ಸಾಕಣೆಯ ತಿಳಿವಳಿಕೆಯುಳ್ಳವರು ಹೇಳುತ್ತಾರೆ. ಪ್ರಾಣಿಯ ಆರೋಗ್ಯಕ್ಕೆ ಅದು ಅಗತ್ಯವೇ ಇರಬಹುದು. ಆದರೆ ಉಣಿಸಿ ಕೊಲ್ಲಿಸುವ ಈ ಕ್ರಮವನ್ನು ಹತ್ತು ವರ್ಷದ ಮಗುವಿನ ಕೈಯಲ್ಲಿ ಮಾಡಿಸುವುದಕ್ಕೆ ಶ್ರಾವಕಾಚಾರದಲ್ಲಿ ಎಡೆಯಿಲ್ಲ.

ಕಾಡಿನಲ್ಲಿಯೂ ಊಸರವಳ್ಳಿ ಕೀಟಗಳನ್ನೇ ತಿನ್ನುತ್ತದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಅಲ್ಲಿ ಅದು ತಿರ್ಯಂಚ ಜೀವಿಯ ಸಹಜ ಪ್ರವೃತ್ತಿ. ಅದರಲ್ಲಿ ಶ್ರಾವಕನ ಕೃತವೂ ಇಲ್ಲ, ಕಾರಿತವೂ ಇಲ್ಲ, ಅನುಮೋದನೆಯೂ ಇಲ್ಲ. ಮನೆಯಲ್ಲಿ ಮೂರೂ ಕೂಡಿಬರುತ್ತವೆ. ಹಣ ಕೊಟ್ಟು ಕೀಟಗಳನ್ನು ತರುವವನು ತಂದೆ, ಒಡ್ಡುವವನು ಮಗ, ನೋಡಿ ನಗುವವರು ಮನೆಮಂದಿ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲಿದ ಕಥೆಯನ್ನು ಜನ್ನನ ಕಾವ್ಯದಿಂದ ಕನ್ನಡ ಶ್ರಾವಕರೆಲ್ಲರೂ ಬಲ್ಲರು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ ಜೀವವಿರುವ ಜೀರುಂಡೆಗೆ ಎಷ್ಟು?

ಹಾಲು ಕುಡಿಯುವವರು, ವಾಹನ ಓಡಿಸುವವರು, ಹೊಲ ಉಳುವವರು ಹಿಂಸೆಯಿಂದ ಮುಕ್ತರೇ ಎಂಬ ಪ್ರಶ್ನೆಯೂ ಬರುತ್ತದೆ. ಮುಕ್ತರಲ್ಲ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ತಿಯಾಗಿ ಬಿಡಲು ಸಾಧ್ಯವಿಲ್ಲವೆಂದೇ ಶಾಸ್ತ್ರ ಅವನಿಗೆ ಅಣುವ್ರತವನ್ನು ವಿಧಿಸಿತು. ಆದರೆ ಸಂಕಲ್ಪೀ ಹಿಂಸೆಗೆ ಅದು ವಿನಾಯಿತಿ ಕೊಡಲಿಲ್ಲ. ಪ್ರಯೋಜನವಿಲ್ಲದ ಪಾಪವನ್ನು ಅನರ್ಥದಂಡವೆಂದು ಬೇರೆಯಾಗಿಯೇ ಹೆಸರಿಸಿ ನಿಷೇಧಿಸಿತು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆ ಈ ಅನರ್ಥದಂಡದಲ್ಲಿ ಸೇರಿಸಿದೆ. ಹೊಲ ಉಳದಿದ್ದರೆ ಅನ್ನವಿಲ್ಲ. ಊಸರವಳ್ಳಿ ಸಾಕದಿದ್ದರೆ ಯಾರ ಮನೆಯ ಒಲೆ ಆರುತ್ತದೆ?

ಮಕ್ಕಳ ಆಟವೆಂದರೆ ದೋಷ ಲಘುವಾಗುವುದೆಂದೂ ತಿಳಿಯಬಾರದು. ಜೀವಂಧರ ಸ್ವಾಮಿಯ ಚರಿತ್ರೆ ಇದಕ್ಕೆ ಸಾಕ್ಷಿ. ಪೂರ್ವಜನ್ಮದಲ್ಲಿ ರಾಜಕುಮಾರನಾಗಿದ್ದಾಗ ಆತ ಹಂಸದ ಮರಿಯೊಂದನ್ನು ಆಟಕ್ಕೆಂದು ತಂದು ಅದರ ಬಳಗದಿಂದ ಅಗಲಿಸಿದ. ಅದನ್ನು ಹಿಂಸಿಸಬೇಕೆಂಬ ಬಯಕೆ ಅವನಿಗಿರಲಿಲ್ಲ, ಪ್ರೀತಿಯಿಂದಲೇ ತಂದಿದ್ದ. ಆದರೂ ಜೀವಂಧರನಾಗಿ ಹುಟ್ಟಿದಾಗ ತಂದೆಯನ್ನು ಕಾಣದೆ, ತಾಯಿಯಿಂದ ಅಗಲಿ, ವೈಶ್ಯನ ಮನೆಯಲ್ಲಿ ಬೆಳೆಯಬೇಕಾಯಿತು. ಪಾಠಶಾಲೆಗಳಲ್ಲಿ ಈ ಕಥೆಯನ್ನು ಹೇಳಿಸಿ, ಮನೆಯಲ್ಲಿ ಪಂಜರವನ್ನಿಟ್ಟರೆ ಮಕ್ಕಳು ನಂಬುವುದು ಪಂಜರವನ್ನೇ.

ದೇಶದ ಕಾನೂನಿನ ಮಾತೂ ಇಲ್ಲಿ ಪ್ರಸ್ತುತ. ಭಾರತದ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟ ವಿದೇಶೀ ಜಾತಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿತು. ವಿದೇಶಗಳಲ್ಲಿ ಕಾನೂನು ಅಡ್ಡಿಯಾಗದಿರಬಹುದು. ಕಾನೂನು ತಡೆಯದ ಕಡೆಯಲ್ಲಿಯೇ ವ್ರತದ ಪರೀಕ್ಷೆ.

ಈಗಾಗಲೇ ತಂದುಬಿಟ್ಟವರ ಗತಿಯೇನು? ತೋಟಕ್ಕೆ ಬಿಟ್ಟುಬಿಡುವುದು ಜೀವದಯೆಯಂತೆ ಕಾಣುತ್ತದೆ, ಆದರೆ ಅಲ್ಲ. ಹೊರನಾಡಿನ ಪ್ರಾಣಿ ಅಪರಿಚಿತ ಹವೆಯಲ್ಲಿ ಸಾಯುತ್ತದೆ. ಇಲ್ಲವೇ ಫ್ಲಾರಿಡಾದಲ್ಲಿ ಆದಂತೆ ಅಲ್ಲಿಯೇ ನೆಲೆಯೂರಿ ಸ್ಥಳೀಯ ಜೀವಿಗಳನ್ನು ಕಬಳಿಸುತ್ತದೆ. ಬಲ್ಲವರ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದು, ಮರಿ ಮಾಡಿಸದಿರುವುದು, ಇನ್ನೊಂದನ್ನು ತಾರದಿರುವುದು, ಗುರುಗಳಲ್ಲಿ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಪಡೆಯುವುದು, ಇಷ್ಟೇ ಉಳಿದ ದಾರಿ. ಇದರಿಂದ ದೋಷವೆಲ್ಲ ತೊಲಗುವುದೆಂದು ಹೇಳಲಾಗದು. ಕೊಂಡ ಮೇಲೆ ನಿರ್ದೋಷವಾದ ದಾರಿ ಇಲ್ಲದಿರುವುದೇ ಕೊಳ್ಳಬಾರದೆಂಬುದಕ್ಕೆ ಬಲವಾದ ಕಾರಣ.

ಹಾಗೆಂದು ಊಸರವಳ್ಳಿಯ ಬಗ್ಗೆ ತಾತ್ಸಾರ ಸಲ್ಲದು. ದೆಹಲಿಯ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸಾಹಾರಿ ಹಕ್ಕಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳದಿದ್ದರೂ ಚಿಕಿತ್ಸೆಯನ್ನು ನಿರಾಕರಿಸದ ಕ್ರಮ ನಡೆದುಬಂದಿದೆ. ಸಾಕದೆಯೂ ಕಾಪಾಡಬಹುದೆಂಬುದಕ್ಕೆ ಅದು ಮಾದರಿ. ಕರ್ನಾಟಕದ ಕುರುಚಲು ಕಾಡು, ಬೇಲಿ, ತೋಟಗಳಲ್ಲಿ ಊಸರವಳ್ಳಿ ಇಂದಿಗೂ ಇದೆ. ನಿಧಾನವಾಗಿ ರಸ್ತೆ ದಾಟುವಾಗ ಗಾಲಿಗೆ ಸಿಕ್ಕಿ ಸಾಯುತ್ತದೆ. ಅಪಶಕುನವೆಂಬ, ವಿಷವೆಂಬ ಮೂಢನಂಬಿಕೆಯಿಂದ ಜನ ಕಲ್ಲೆಸೆದು ಕೊಲ್ಲುತ್ತಾರೆ. ಅದಕ್ಕೆ ವಿಷವಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಆವರಣದ ಬೇಲಿ ಗಿಡಗಳನ್ನು ಉಳಿಸಲಿ, ಕೀಟನಾಶಕ ಸಿಂಪಡಿಸುವುದನ್ನು ನಿಲ್ಲಿಸಲಿ. ತಂದೆತಾಯಿಗಳು ಮಕ್ಕಳನ್ನು ಕರೆದೊಯ್ದು ಕೊಂಬೆಯ ಮೇಲಿನ ಆ ಜೀವವನ್ನು ದೂರದಿಂದ ತೋರಿಸಲಿ. ರಸ್ತೆಯಲ್ಲಿ ಕಂಡರೆ ವಾಹನ ನಿಲ್ಲಿಸಿ, ಅದು ದಾಟುವವರೆಗೆ ಕಾಯಲಿ. ಹಾಗೆ ಕಾಯುವ ಎರಡು ನಿಮಿಷದಲ್ಲಿ ಮಗು ಕಲಿಯುವ ದಯೆ, ಪಂಜರದ ಮುಂದೆ ಐದು ವರ್ಷ ಕುಳಿತರೂ ಬಾರದು.