ಏಳು ದಿನದ ಪ್ರವಾಸವೂ ಒಂದು ಜಾವದ ಹಂಪೆಯೂ

ರಜೆಯ ಕಾಲವು ಸಮೀಪಿಸಿತೆಂದರೆ ಸುಶಿಕ್ಷಿತ ಕುಟುಂಬಗಳಲ್ಲಿ ಪ್ರವಾಸದ ಮಂತ್ರಾಲೋಚನೆಯು ಮೊದಲಾಗುವುದು. ಮನೆಯ ಯಜಮಾನನು ಭೂಪಟವನ್ನು ಮುಂದಿಟ್ಟುಕೊಂಡು ಪಟ್ಟಿಯನ್ನು ಸಿದ್ಧಪಡಿಸುವನು. ಮೊದಲನೆಯ ದಿನ ಬೆಂಗಳೂರಿನಿಂದ ಚಿತ್ರದುರ್ಗ. ಎರಡನೆಯ ದಿನ ಬೆಳಿಗ್ಗೆ ಹಂಪೆ, ಸಂಜೆ ತುಂಗಭದ್ರಾ ಅಣೆಕಟ್ಟು. ಮೂರನೆಯ ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ. ನಾಲ್ಕನೆಯ ದಿನ ವಿಜಯಪುರ. ಐದನೆಯ ದಿನ ಗೋಕರ್ಣ. ಆರನೆಯ ದಿನ ಜೋಗ. ಏಳನೆಯ ದಿನ ಸ್ವಗೃಹ. ಇಷ್ಟನ್ನೂ ಏಳು ದಿನಗಳೊಳಗೆ ಅಡಗಿಸಿದ ಜಾಣ್ಮೆಗೆ ಬಂಧುಮಿತ್ರರು ತಲೆದೂಗುವರು. ಹೊರಟವರು ಹೇಳಿದ ದಿನಕ್ಕೆ ಸರಿಯಾಗಿ ಮರಳಿಯೂ ಬರುವರು. ಆದರೆ ಅವರು ಕಂಡು ಬಂದುದೇನು? ಮೋಟಾರಿನ ಕಿಟಕಿಯಿಂದ ಹಿಂದಕ್ಕೆ ಓಡಿದ ಗಿಡಮರಗಳನ್ನೂ ಊಟದ ಮನೆಗಳ ಬಾಗಿಲುಗಳನ್ನೂ ಬಿಟ್ಟರೆ ಹೆಚ್ಚೇನೂ ಇಲ್ಲ. ಇದಕ್ಕೆ ಪ್ರವಾಸವೆಂಬ ಹೆಸರು ಸಲ್ಲದು. 'ವಾಸ'ವೆಂಬ ಪದವು ಆ ಶಬ್ದದ ಒಳಗೇ ಇದೆ; ವಾಸವನ್ನು ಬಿಟ್ಟು 'ಪ್ರ' ಎಂಬ ಉಪಸರ್ಗವೊಂದನ್ನೇ ಹಿಡಿದು ಓಡುವುದು ಯಾವ ಪಾಂಡಿತ್ಯ?

ಸಂಸ್ಕೃತಸಾಹಿತ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ಮಾರ್ಗಸೂಚಿಯೆಂದರೆ ಕಾಳಿದಾಸನ ಮೇಘದೂತದ ಪೂರ್ವಾರ್ಧವೇ ಸರಿ. ವಿರಹದಿಂದ ಕಂಗೆಟ್ಟ ಯಕ್ಷನಿಗಿಂತ ಹೆಚ್ಚಿನ ಅವಸರವು ಯಾರಿಗಿದ್ದೀತು? ಆದರೂ ಅವನು ಮೋಡಕ್ಕೆ ದಾರಿಯನ್ನು ಹೇಳುವಾಗ ದಣಿದಲ್ಲಿ ಬೆಟ್ಟದ ನೆತ್ತಿಯ ಮೇಲೆ ವಿಶ್ರಮಿಸೆನ್ನುತ್ತಾನೆ. ಬಾಡಿದಲ್ಲಿ ಹೊಳೆಯ ನೀರನ್ನು ಕುಡಿಯೆನ್ನುತ್ತಾನೆ. ದಾರಿಯು ಸುತ್ತಾದರೂ ಉಜ್ಜಯಿನಿಯನ್ನು ಬಿಡಬೇಡ, ಅಲ್ಲೊಂದು ರಾತ್ರಿ ತಂಗು ಎನ್ನುತ್ತಾನೆ. ಹೆಂಡತಿಯ ಪ್ರಾಣದ ಚಿಂತೆಯಿದ್ದವನಿಗೆ ಇದ್ದ ತಾಳ್ಮೆಯು, ಸಂಬಳಸಹಿತವಾದ ರಜೆಯನ್ನು ಪಡೆದು ಸುಖವಾಗಿ ಹೊರಟವರಿಗೆ ಇಲ್ಲದಿರುವುದು ಸೋಜಿಗವಲ್ಲವೇ?

ಏಳು ದಿನಗಳ ಬಿಡುವುಳ್ಳವರು ಏಳು ಸೀಮೆಗಳನ್ನು ಸುತ್ತುವ ಬದಲಾಗಿ ಒಂದೇ ಸೀಮೆಯಲ್ಲಿ ಏಳು ದಿನ ಇರತಕ್ಕದ್ದು. ಅದಕ್ಕೆ ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳ ವಲಯಕ್ಕಿಂತ ಯೋಗ್ಯವಾದುದು ಕನ್ನಡನಾಡಿನಲ್ಲಿ ವಿರಳ. ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಕಂಪ್ಲಿಗೂ ಸಂಡೂರಿಗೂ ಒಂದೊಂದಕ್ಕೆ ಸುಮಾರು 30 ಕಿಲೋಮೀಟರು. 2021ರಲ್ಲಿ ವಿಜಯನಗರ ಜಿಲ್ಲೆಯು ಏರ್ಪಟ್ಟ ಮೇಲೆ ಮೊದಲಿನ ಎರಡೂರುಗಳು ಆ ಜಿಲ್ಲೆಗೆ ಸೇರಿದವು. ಉಳಿದೆರಡು ಬಳ್ಳಾರಿ ಜಿಲ್ಲೆಯಲ್ಲಿಯೇ ಇವೆ. ಆದರೆ ನದಿಯೂ ಬೆಟ್ಟವೂ ಜಿಲ್ಲೆಯ ಗಡಿಯನ್ನು ಬಲ್ಲವೇ? ನಾಲ್ಕೂರುಗಳೂ ಸೇರಿ ಒಂದೇ ಕಥೆಯನ್ನು ಹೇಳುತ್ತವೆ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪವು, 'ರಜೆಯು ಅಲ್ಪ, ನೋಡತಕ್ಕುದು ಬಹಳ. ಮಕ್ಕಳು ಎಲ್ಲವನ್ನೂ ನೋಡಬೇಡವೇ?' ಎಂಬುದು. ರಜೆಯು ಅಲ್ಪವೆಂಬುದು ನಿಜ. ಬೆಂಗಳೂರಿನಿಂದ ಹೊಸಪೇಟೆಗೇ ಸುಮಾರು 340 ಕಿಲೋಮೀಟರು. ಹೋಗಿ ಬರುವುದರಲ್ಲಿಯೇ ಒಂದೂವರೆ ದಿನ ಕಳೆಯುವುದು. ಉಳಿದುದನ್ನೂ ಹೆದ್ದಾರಿಗೇ ಒಪ್ಪಿಸಿದರೆ ಮಕ್ಕಳಿಗೆ ಸಿಕ್ಕುವುದೇನು? ಹಂಪೆಯಲ್ಲಿ ಒಂದು ಜಾವ ಮಾತ್ರ ನಿಂತ ಬಾಲಕನು ಕಲ್ಲಿನ ರಥವನ್ನು ನೋಡುತ್ತಾನೆ, ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾನೆ. ಅದು ರಥವಲ್ಲ, ಗರುಡನ ಗುಡಿಯೆಂಬುದನ್ನು ತಿಳಿಯದೆಯೇ ಮರಳುತ್ತಾನೆ. ಮಹಾನವಮಿ ದಿಬ್ಬದ ಸನಿಹದಲ್ಲಿ ಸಾಲಾಗಿ ನಿಂತ ಕಲ್ಲುದೋಣಿಗಳು ಪಾಳುಬಿದ್ದ ಕಟ್ಟಡದ ತುಂಡುಗಳೆಂದೇ ಅವನಿಗೆ ತೋರುವುವು. ಅವು ಅರಮನೆಯ ಆವರಣದ ಕೊಳಗಳಿಗೆ ಕಮಲಾಪುರದ ಕೆರೆಯ ನೀರನ್ನು ಒಯ್ದ ದಾರಿಯೆಂದು ತಿಳಿಯಬೇಕಾದರೆ, ಆ ಸಾಲನ್ನು ಹಿಡಿದು ನಡೆಯಬೇಕು. ಕೆರೆಯ ಏರಿಯನ್ನೂ ಹತ್ತಿ ನೋಡಬೇಕು. ಅದಕ್ಕೆ ಒಂದು ಇಡೀ ಬೆಳಗು ಬೇಕು. ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಡ್ಡಗಟ್ಟಿ ತಿರುಗಿಸಿದ ತುರ್ತು ಕಾಲುವೆಯು ಇಂದಿಗೂ ಹಂಪೆಯ ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. 1565ರ ರಕ್ಕಸತಂಗಡಿಯ ಯುದ್ಧವು ಸಿಂಹಾಸನವನ್ನು ಕೆಡಹಿತು, ಕಾಲುವೆಯನ್ನು ಕೆಡಹಲಿಲ್ಲ. ಹಂಪೆಯು ಹಾಳೂರೆಂದು ಹೇಳುವವರು ಈ ನೀರಿನ ಸದ್ದನ್ನು ಕೇಳದವರು.

ಎರಡನೆಯ ಆಕ್ಷೇಪವು ಚಿತ್ರಗಳ ವಿಷಯದ್ದು. 'ಎಲ್ಲವನ್ನೂ ಫೋನಿನಲ್ಲಿ ಸೆರೆಹಿಡಿದು ತಂದಿದ್ದೇವೆ, ಬಿಡುವಾದಾಗ ನೋಡುತ್ತೇವೆ' ಎನ್ನುವವರುಂಟು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲ ಸೇನಾಧಿಕಾರಿಯು ಇದೇ ಹಂಪೆಯ ಛಾಯಾಚಿತ್ರಗಳನ್ನು ಮೇಣದ ಕಾಗದದ ಮೇಲೆ ತೆಗೆದನು. ಒಂದೊಂದು ಚಿತ್ರಕ್ಕೂ ಭಾರವಾದ ಪೆಟ್ಟಿಗೆಯನ್ನು ನಿಲ್ಲಿಸಿ, ಬೆಳಕನ್ನು ಕಾದು, ಬಹು ಹೊತ್ತು ನಿಂತು ದುಡಿಯಬೇಕಾಗಿದ್ದಿತು. ಅಂದಿನಿಂದ ಯಾವ ಗೋಪುರವು ಬಿದ್ದಿತು, ಯಾವ ಮಂಟಪವು ಜರಿಯಿತು ಎಂಬುದನ್ನು ತಿಳಿಯಲು ವಿದ್ವಾಂಸರು ಆ ಚಿತ್ರಗಳನ್ನೇ ಆಶ್ರಯಿಸುತ್ತಾರೆ. ಇಂದು ಒಂದು ಬೆಳಗಿನಲ್ಲಿ ನೂರು ಚಿತ್ರಗಳು ಆಗುತ್ತವೆ. ನೂರರಲ್ಲಿಯೂ ಎದುರಿಗೆ ಕಾಣುವುದು ತೆಗೆಸಿಕೊಂಡವರ ಮುಖವೇ. ನಿಂತು ನೋಡದ ಕಣ್ಣಿಗೆ ಯಂತ್ರವೇನು ಕೊಟ್ಟೀತು?

ಮೂರನೆಯ ಆಕ್ಷೇಪವು ತೂಕವುಳ್ಳದ್ದು. 'ಜನರು ಬಂದು ಬಹುದಿನ ನಿಂತರೆ ಹಂಪೆಗೇ ಕೇಡಲ್ಲವೇ?' ಎಂದು ವಿವೇಕಿಗಳು ಕೇಳುವರು. ಸಂಶಯವು ಯುಕ್ತವೇ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ ಹಂಪೆಯು 1999ರಿಂದ 2006ರವರೆಗೆ ಅಪಾಯಕ್ಕೊಳಗಾದ ಸ್ಥಳಗಳ ಪಟ್ಟಿಯಲ್ಲಿತ್ತು. ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿ ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ 2020ರಲ್ಲಿ ಕೆಡಹಲಾಯಿತು. ಆದುದರಿಂದ ಸ್ಮಾರಕಗಳ ಮಡಿಲಲ್ಲಿಯೇ ಹಾಸಿಗೆ ಬಿಡಿಸಬೇಕೆಂದು ಯಾರೂ ಹೇಳರು. ಹೊಸಪೇಟೆಯಲ್ಲಿ ರೈಲು ನಿಲ್ದಾಣವಿದೆ, ವಸತಿಗೃಹಗಳಿವೆ, ಖಾನಾವಳಿಗಳಿವೆ; ಅಲ್ಲಿಯೇ ತಂಗಬೇಕು. ಆದರೆ ಹಂಪೆಗೆ ಕೇಡನ್ನು ಮಾಡಿದವರು ನಿಂತು ನೋಡಿದವರೇ? 2019ರಲ್ಲಿ ಕೆಲವು ತರುಣರು ಅಲ್ಲಿನ ಕಂಬವನ್ನು ತಳ್ಳಿ ಕೆಡಹಿದ ಚಲಚ್ಚಿತ್ರವನ್ನು ದೇಶವೆಲ್ಲ ನೋಡಿತು. ನ್ಯಾಯಾಲಯವು ಒಬ್ಬೊಬ್ಬನಿಗೂ 70,000 ರೂಪಾಯಿ ದಂಡ ವಿಧಿಸಿ, ಕೆಡಹಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಒಂದು ಕಂಬವನ್ನು ಎತ್ತುವ ಕಷ್ಟವನ್ನು ಅರಿತವನು ಇನ್ನೊಂದನ್ನು ತಳ್ಳನು. ಪರಿಚಯವೇ ಗೌರವಕ್ಕೆ ತಾಯಿ.

'ಪ್ರವಾಸಿಗರಿಂದ ಊರಿನವರ ಹೊಟ್ಟೆ ತುಂಬುವುದಷ್ಟೆ, ಎಷ್ಟು ಹೊತ್ತು ನಿಂತರೇನು?' ಎಂಬ ಮಾತೂ ಇದೆ. ಲೆಕ್ಕವನ್ನು ನೋಡೋಣವಾಗಲಿ. ಬುತ್ತಿಯನ್ನು ಕಟ್ಟಿಕೊಂಡು ಬಂದು ಮಧ್ಯಾಹ್ನಕ್ಕೆ ಹೊರಟುಹೋಗುವವನು ಊರಿಗೆ ಕೊಡುವುದು ಪ್ರವೇಶದ ಚೀಟಿಯ ಹಣ, ಖಾಲಿ ಶೀಸೆ, ಚಕ್ರದ ಧೂಳು. ರಾತ್ರಿ ತಂಗಿದವನ ಹಣವಾದರೋ ಖಾನಾವಳಿಯವನಿಗೆ, ಹಣ್ಣು ಮಾರುವವಳಿಗೆ, ಆಟೋ ಓಡಿಸುವವನಿಗೆ, ಹರಿಗೋಲಿನ ಅಂಬಿಗನಿಗೆ ಹಂಚಿಹೋಗುತ್ತದೆ.

ಇನ್ನು ಏಳು ದಿನಗಳ ವಿನಿಯೋಗ. ಮೊದಲನೆಯ ದಿನ ಹೊಸಪೇಟೆಯನ್ನು ಸೇರಿ ಅನಂತಶಯನಗುಡಿಯನ್ನು ನೋಡಿದರೆ ಸಾಕು. ಮಲಗಿದ ವಿಷ್ಣುವಿಗೆಂದು ಕಟ್ಟಿದ ಆ ಎತ್ತರದ ಗುಡಿಯಲ್ಲಿ ಮೂರ್ತಿಯಿಲ್ಲ, ಖಾಲಿಯಾದ ಪೀಠವೇ ಮಾತಾಡುತ್ತದೆ. ಎರಡನೆಯ ದಿನ ಹೇಮಕೂಟ, ವಿರೂಪಾಕ್ಷ, ಕೃಷ್ಣದೇವಾಲಯ, ನರಸಿಂಹ. ಮೂರನೆಯ ದಿನ ಹೊಳೆಯ ದಂಡೆಯನ್ನು ಹಿಡಿದು ಕಾಲುನಡಿಗೆಯಲ್ಲಿ ಕೋದಂಡರಾಮ, ಅಚ್ಯುತರಾಯನ ಗುಡಿ, ವಿಠ್ಠಲ. ನಾಲ್ಕನೆಯ ದಿನ ಹಜಾರರಾಮ, ಮಹಾನವಮಿ ದಿಬ್ಬ, ಕಮಲಾಪುರದ ವಸ್ತುಸಂಗ್ರಹಾಲಯ, ಕೆರೆ, ಕಾಲುವೆ. ಹೊಳೆಯಲ್ಲಿ ಮಾತ್ರ ಇಳಿಯಬಾರದು. ಜಲಾಶಯದಿಂದ ನೀರು ಬಿಟ್ಟಾಗ ಅದು ಕಾಣಕಾಣುತ್ತಲೇ ಏರುವುದು.

ಐದನೆಯ ದಿನವು ಕಂಪ್ಲಿಗೆ. ವಿಜಯನಗರಕ್ಕೆ ಮೊದಲೇ ಈ ಊರಿನ ಹೆಸರು ದೇಶಕ್ಕೆ ತಿಳಿದಿತ್ತು. ಕಂಪಿಲದೇವನ ರಾಜ್ಯವು 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಸೋತು ಅಳಿದ ಮೇಲೆಯೇ ಹಂಪೆಯ ರಾಜ್ಯವು ತಲೆಯೆತ್ತಿತು. ಅವನ ಮಗ ಕುಮಾರರಾಮನನ್ನು ನೆನೆಯದ ಜನಪದರು ಈ ಸೀಮೆಯಲ್ಲಿಲ್ಲ. ಇಂದು ಅಲ್ಲಿ ಕಾಣುವುದು ಹಳೆಯ ಕೋಟೆ, ಹೊಳೆ, ಬತ್ತದ ಗದ್ದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ತೂಬುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋದಾಗ, ಈ ಗದ್ದೆಗಳ ರೈತನಿಗೆ ಆ ಬೆಳೆಗೆ ನೀರು ಉಳಿದೀತೇ ಎಂಬುದೇ ಪ್ರಶ್ನೆಯಾಗಿತ್ತು. ಅಣೆಕಟ್ಟಿನ ತೋಟದಲ್ಲಿ ಬಣ್ಣದ ಕಾರಂಜಿಯನ್ನು ನೋಡಿ ಹೋದವನಿಗೆ ಆ ಪ್ರಶ್ನೆಯು ಎಂದೂ ತಿಳಿಯದು. ಹೋಗುವಾಗಲೋ ಬರುವಾಗಲೋ ಮಧ್ಯಾಹ್ನದ ಮೇಲೆ ದರೋಜಿಯ ಕರಡಿಧಾಮದಲ್ಲಿ ಸದ್ದಿಲ್ಲದೆ ಕುಳಿತರೆ, ಬಂಡೆಗಳ ನಡುವೆ ಕರಡಿಯು ಕಾಣಿಸಿಕೊಳ್ಳುವುದುಂಟು.

ಕಡೆಯ ಎರಡು ದಿನ ಸಂಡೂರಿನವು. ಮಳೆಗಾಲವು ಹಿಂದೆಗೆಯುವ ಹೊತ್ತಿನಲ್ಲಿ ಅಲ್ಲಿನ ಬೆಟ್ಟಗಳ ಹಸುರನ್ನು ನೋಡಿದವರು, ಇದು ಬಳ್ಳಾರಿಯ ಸೀಮೆಯೇ ಎಂದು ಬೆರಗಾಗುವರು. ಕುಮಾರಸ್ವಾಮಿಯ ಮತ್ತು ಪಾರ್ವತಿಯ ಪ್ರಾಚೀನ ದೇವಾಲಯಗಳು, ನಾರಿಹಳ್ಳದ ನೀರು, ಲಂಬಾಣಿ ಹೆಂಗಸರ ಕಸೂತಿ ಎಲ್ಲವೂ ಅಲ್ಲುಂಟು. ಅದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ ಕೆಂಪು ಗಾಯಗಳೂ ಉಂಟು. ಕಬ್ಬಿಣದ ಅದಿರಿನ ಅಕ್ರಮಗಳನ್ನು ಕುರಿತು ಲೋಕಾಯುಕ್ತರು ವರದಿ ಕೊಟ್ಟುದೂ, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದುದೂ 2011ರ ಜುಲೈ ತಿಂಗಳಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಂಪೆಗೆ ಬಂದ ಅಸಂಖ್ಯ ಜನರಲ್ಲಿ ಎಷ್ಟು ಮಂದಿ ಇನ್ನು 30 ಕಿಲೋಮೀಟರು ಮುಂದಕ್ಕೆ ಹೋಗಿ, ಎಲೆಗಳ ಮೇಲೆ ಕುಳಿತ ಕೆಂಧೂಳನ್ನು ಕಂಡರು? ಕಂಡಿದ್ದರೆ ಪಟ್ಟಣಗಳ ಚಾವಡಿಗಳಲ್ಲಿ, ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಆ ಕೂಗು ಬೇಗನೆ ಏಳುತ್ತಿತ್ತು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರು ಅರಣ್ಯದಲ್ಲಿ ಗಣಿ ತೆಗೆಯುವ ವಿಷಯವು ಮತ್ತೆ ವಿವಾದಕ್ಕೆ ಬಂದಿತು. ಅದಿರು ಬೇಕೋ ಅಡವಿ ಬೇಕೋ ಎಂದು ನಾಡು ತೀರ್ಮಾನಿಸುವ ದಿನ, ಆ ಅಡವಿಯ ನೆರಳಿನಲ್ಲಿ ಒಂದು ಸಂಜೆಯಾದರೂ ಕುಳಿತವರ ಮಾತಿಗೂ ಹೆಸರನ್ನಷ್ಟೇ ಕೇಳಿದವರ ಮಾತಿಗೂ ತೂಕವು ಒಂದೇ ಆಗದು. ಕಾಣದುದನ್ನು ಯಾರೂ ಕಾಯರು.

ಮುಂದಿನ ರಜೆಗೆ ಪಟ್ಟಿಯನ್ನು ಬರೆಯುವ ಗೃಹಸ್ಥನು ಊರುಗಳನ್ನು ಎಣಿಸುವುದಕ್ಕೆ ಮೊದಲು ರಾತ್ರಿಗಳನ್ನು ಎಣಿಸಲಿ. ಒಂದು ರಾತ್ರಿಯೂ ನಿಲ್ಲಲಾಗದ ಊರಿನ ಹೆಸರನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಲಿ. ಬಾದಾಮಿಯೂ ಗೋಕರ್ಣವೂ ಎಲ್ಲಿಗೂ ಓಡಿಹೋಗುವುದಿಲ್ಲ. ಅವುಗಳಿಗೂ ಬೇರೊಂದು ವರ್ಷದಲ್ಲಿ ಏಳು ದಿನ ಸಲ್ಲಲಿ. ಸಂಡೂರಿನ ಅಡವಿಗಾದರೋ ಅಷ್ಟು ವರ್ಷ ಕಾಯುವ ಭರವಸೆಯಿಲ್ಲ.