ಉಳಿದ ಗಂಟನ್ನು ಉಳಿಯಗೊಡಬಾರದು

ಕಂಪ್ಲಿಯ ಭತ್ತದ ಗದ್ದೆಗಳಲ್ಲಿ, ಸಂಡೂರಿನ ಗಣಿಗಳಲ್ಲಿ, ಹೊಸಪೇಟೆಯ ಕಬ್ಬಿನ ಹೊಲಗಳಲ್ಲಿ, ಹಂಪಿಯ ಯಾತ್ರಿಕರ ನಡುವೆ ದುಡಿಯುವ ತರುಣರು ಕೈಕಾಲಿಗೆ ಪೆಟ್ಟಾದರೆ ಮನೆಯವರಿಗೆ ಹೇಳುತ್ತಾರೆ. ವೃಷಣದಲ್ಲಿ ನೋವಿಲ್ಲದ ಗಂಟು ಕಂಡರೆ ಮಾತ್ರ ಯಾರಿಗೂ ಹೇಳರು. ಈ ಸಂಕೋಚವನ್ನು ಕುರಿತು, ಅದಕ್ಕಿಂತ ಮಿಗಿಲಾಗಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದನ್ನು ಕುರಿತು ಭಕ್ತಾದಿಗಳಲ್ಲಿ ಕೆಲವು ಮಾತು ನಿವೇದಿಸಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸಂತಾನಕ್ಕೆ ಮೂಲವಾದ ಜೀವಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ ಜನನಕೋಶದ ಗಡ್ಡೆಗಳೆಂದು ಹೆಸರು. ಪುರುಷರಲ್ಲಿ ಇವು ವೃಷಣದಲ್ಲಿ, ಹೆಚ್ಚಾಗಿ 15ರಿಂದ 35ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಕಾಯಿಲೆ ವಿರಳ, ಆದರೆ ಎರಗುವುದು ದುಡಿಯುವ ಪ್ರಾಯದವರ ಮೇಲೆ. ಒಂದು ಕಾಲಕ್ಕೆ ಇದು ದೇಹದಲ್ಲಿ ಹರಡಿದರೆ ಬದುಕಿನ ಆಸೆಯೇ ಇರಲಿಲ್ಲ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ ಔಷಧಿಯನ್ನು ಬೇರೆರಡು ಔಷಧಿಗಳೊಡನೆ ಕೊಡತೊಡಗಿದ ಮೇಲೆ ಚಿತ್ರವೇ ಬದಲಾಯಿತು. ಇಂದು ಹರಡಿದ ಮೇಲೂ ಬಹುಪಾಲು ರೋಗಿಗಳು ಪೂರ್ಣ ಗುಣಮುಖರಾಗುತ್ತಾರೆ.

ಅಪಾಯವಿರುವುದು ಈ ಗೆಲುವಿನ ಬೆನ್ನಿಗೇ. ಕೆಲವು ಗಡ್ಡೆಗಳಲ್ಲಿ ಟೆರಟೋಮಾ ಎಂಬ ಭಾಗವಿರುತ್ತದೆ; ಅದರಲ್ಲಿ ಚರ್ಮ, ಕೂದಲು, ಮೃದ್ವಸ್ಥಿಯಂತಹ ಅಂಗಾಂಶಗಳು ಬೆರೆತಿರುತ್ತವೆ. ಕೀಮೋಥೆರಪಿಗೆ ಅದು ಕರಗುವುದಿಲ್ಲ. ಕಳೆನಾಶಕ ಸಿಂಪಡಿಸಿದ ಗದ್ದೆಯಲ್ಲಿ ಮದ್ದಿಗೆ ಬಗ್ಗದ ಕಳೆಯೊಂದು ಉಳಿದರೆ ಅದನ್ನು ಕೈಯಿಂದಲೇ ಕೀಳಬೇಕೆಂಬುದು ನಮ್ಮ ರೈತರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಉಳಿದ ಟೆರಟೋಮಾ ಕೆಲವರಲ್ಲಿ ಮುಂದೊಮ್ಮೆ ಸಾರ್ಕೋಮಾ, ಅಡಿನೋಕಾರ್ಸಿನೋಮಾ ಮೊದಲಾದ ಬೇರೆಯೇ ಬಗೆಯ ಕ್ಯಾನ್ಸರಾಗಿ ಮಾರ್ಪಡುತ್ತದೆ. ಅದಕ್ಕೆ ಸಿಸ್‌ಪ್ಲಾಟಿನ್ ಸಾಮಾನ್ಯವಾಗಿ ನಾಟುವುದಿಲ್ಲ. ಎ.ಎಫ್.ಪಿ., ಎಚ್.ಸಿ.ಜಿ. ರಕ್ತಪರೀಕ್ಷೆಗಳು ಸರಿಯಾಗಿದ್ದರೂ ಅದು ಒಳಗೆ ಬೆಳೆಯುತ್ತಿರಬಹುದು. ಪೂರ್ತಿಯಾಗಿ ತೆಗೆದುಹಾಕುವ ಶಸ್ತ್ರಚಿಕಿತ್ಸೆಯೇ ಅದಕ್ಕೆ ಮುಖ್ಯ ಮಾರ್ಗ. ತೆಗೆಯಲಾಗದಿದ್ದರೆ ಹೊಸ ರೂಪಕ್ಕೆ ತಕ್ಕ ಔಷಧಿಯನ್ನು ವೈದ್ಯರು ಆರಿಸುತ್ತಾರೆ.

“ರಕ್ತಪರೀಕ್ಷೆ ಸರಿಬಂತು, ಇನ್ನು ಊರಿಗೆ ಹೋಗೋಣ” ಎಂಬ ಮಾತು ಸಮಾಧಾನದ್ದಲ್ಲ, ಎಚ್ಚರದ್ದು ಎಂಬುದೇ ನಮ್ಮ ಅಭಿಪ್ರಾಯ. ಸಿ.ಟಿ. ಸ್ಕ್ಯಾನಿನಲ್ಲಿ ಗಂಟು ಉಳಿದಿದೆಯೇ ಎಂದು ಕೇಳಿಯೇ ಹೊರಡಬೇಕು. ಸೆಮಿನೋಮಾ ಎಂಬ ಬಗೆಯಲ್ಲಿ ಕಾದು ನೋಡುವುದುಂಟು; ಉಳಿದ ಬಗೆಗಳಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟನ್ನು ಸಾಮಾನ್ಯವಾಗಿ ತೆಗೆಯಲೇಬೇಕು. ಹೊಟ್ಟೆಯ ಹಿಂಭಾಗದಲ್ಲಿ ಮಹಾರಕ್ತನಾಳಗಳ ಪಕ್ಕದಲ್ಲಿ ನಡೆಯುವ ಈ ಶಸ್ತ್ರಕ್ರಿಯೆಗೆ ಪಳಗಿದ ಕೈ ಬೇಕು. ಆದ್ದರಿಂದ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಯಂತಹ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದೇ ಲೇಸು. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಖರ್ಚು, ತಪ್ಪುವ ಕೂಲಿ, ಪರಸ್ಥಳದ ವಾಸ ಇವು ಸಣ್ಣ ಕಷ್ಟಗಳೆಂದು ನಾವು ಹೇಳುವುದಿಲ್ಲ. ನಡುವೆ ಬಿಟ್ಟವರನ್ನು ದೂಷಿಸುವುದೂ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಮಕ್ಕಳಾಗಬೇಕೆಂಬ ಆಸೆಯಿದ್ದವರು ಚಿಕಿತ್ಸೆಗೆ ಮುನ್ನವೇ ವೀರ್ಯ ಸಂಗ್ರಹದ ಬಗ್ಗೆ ವೈದ್ಯರನ್ನು ಕೇಳಬೇಕು. ವರದಿಗಳನ್ನೂ ಬಯಾಪ್ಸಿಯ ಗಾಜುಪಟ್ಟಿಗಳನ್ನೂ ಜೋಪಾನವಾಗಿಡಬೇಕು. ಕಾಯಿಲೆ ಹಲವು ವರ್ಷಗಳ ಬಳಿಕವೂ ಮರಳಬಹುದಾದ್ದರಿಂದ ಹೇಳಿದ ದಿನಕ್ಕೆ ತಪಾಸಣೆಗೆ ಹೋಗಲೇಬೇಕು.

ತಾಯಂದಿರಿಗೂ ಒಂದು ಮಾತು. ಅಂಡಾಶಯದ ಡರ್ಮಾಯ್ಡ್ ಗಡ್ಡೆಯೂ ಟೆರಟೋಮಾವೇ. ಬಹುತೇಕ ನಿರುಪದ್ರವಿಯಾದ ಅದು ಮುಟ್ಟು ನಿಂತ ವಯಸ್ಸಿನಲ್ಲಿ ಅಪರೂಪಕ್ಕೆ ಕ್ಯಾನ್ಸರಾಗುವುದುಂಟು. ಬೇಗ ಬೆಳೆಯುತ್ತಿದ್ದರೆ ತಡಮಾಡಬಾರದು. ಗಂಡುಮಗುವಿನ ವೃಷಣ ಆರು ತಿಂಗಳಾದರೂ ಚೀಲಕ್ಕೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಹಾಗೆಯೇ ಬಿಟ್ಟರೆ ಮುಂದೆ ಈ ಕಾಯಿಲೆಯ ಸಂಭವ ಹೆಚ್ಚು.

ಕಾಯಕಕ್ಕೆ ಕಾಯ ಬೇಕು. ಅದನ್ನು ಕಾಪಾಡಿಕೊಳ್ಳುವುದರಲ್ಲಿ ನಾಚಿಕೆಗೆ ಎಡೆಯಿಲ್ಲ. ಓಣಿಯ ಹುಡುಗನೊಬ್ಬ ಚಿಕಿತ್ಸೆಗೆ ಹೊರಟರೆ ಅವನ ಹೊಲದ ನೀರು ನೋಡಿಕೊಳ್ಳುವುದು, ರೈಲಿನ ಖರ್ಚಿಗೆ ಕೈಗೂಡಿಸುವುದು, ಎರಡನೆಯ ಬಾರಿಯೂ ಅವನನ್ನು ಕಳುಹಿಸಿಕೊಡುವುದು, ಇವೂ ದಾಸೋಹವೇ ಎಂದು ನಾವು ನಂಬಿದ್ದೇವೆ.