ಕರಗದ್ದು ಹರಿಯುವುದಿಲ್ಲವೆ?

ಮಳೆಗಾಲದಲ್ಲಿ ತಂದ ಕೆರೆಯ ನೀರಿಗೆ ನಮ್ಮಜ್ಜಿ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದಳು. ಬೆಳಗಾಗುವುದರೊಳಗೆ ಕೆಸರು ತಳ ಸೇರುತ್ತಿತ್ತು. ಹಾಕದೆ ಬಿಟ್ಟರೆ ಎರಡು ದಿನವಾದರೂ ನೀರು ಕೆಂಪಗೇ. ಮಣ್ಣು ಕರಗಿಯೂ ಇಲ್ಲ, ಇಳಿಯುವುದೂ ಇಲ್ಲ.

ಪರಮಾಣು ತ್ಯಾಜ್ಯವನ್ನು ಬಂಡೆಯೊಳಗೆ ಹೂಳಲು ಹೊರಟ ತಜ್ಞರ ಲೆಕ್ಕದಲ್ಲಿ ಈ ಕೆಂಪು ನೀರಿಗೆ ಬಹುಕಾಲ ತಕ್ಕ ಜಾಗವಿರಲಿಲ್ಲ. ಪ್ಲುಟೋನಿಯಂ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕರಗಿದ್ದೂ ಬಂಡೆಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಇಟ್ಟಲ್ಲೇ ಇರುತ್ತದೆ ಎಂಬುದು ಅವರ ವಾದ. ಅಂಟಿಕೊಳ್ಳುವುದೇನೋ ನಿಜ. ಆದರೆ ಯಾವುದಕ್ಕೆ? ಅಂತರ್ಜಲದಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣದಾದ ಜೇಡಿ, ತುಕ್ಕು, ಸಿಲಿಕಾದ ಕಣಗಳು ತೇಲುತ್ತಿರುತ್ತವೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಕಲಿಲ ಎಂಬ ಹೆಸರು. ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳು ಪರಸ್ಪರ ದೂರ ತಳ್ಳುತ್ತವೆ, ಗುಂಪುಗೂಡುವುದಿಲ್ಲ. ನೀರಿನಲ್ಲಿ ಲವಣ ಹೆಚ್ಚಿದ್ದರೆ ಆ ತಳ್ಳಾಟ ಕುಗ್ಗಿ ತಳ ಸೇರುತ್ತವೆ, ಸಿಹಿನೀರಾದರೆ ತೇಲುತ್ತಲೇ ಸಾಗುತ್ತವೆ. ಪ್ಲುಟೋನಿಯಂ ಬಂಡೆಗೆ ಅಂಟುವ ಬದಲು ಇವುಗಳ ಬೆನ್ನೇರಿದರೆ?

ಏರಿತು. ಅಮೆರಿಕದ ನೆವಾಡಾದಲ್ಲಿ 1968ರಲ್ಲಿ ಬೆನ್‌ಹ್ಯಾಮ್ ಎಂಬ ಬಾಂಬನ್ನು ನೆಲದಡಿ ಸಿಡಿಸಿದ್ದರು. ಅಲ್ಲಿಂದ 1.3 ಕಿಲೋಮೀಟರ್ ದೂರದ ಬಾವಿಯ ನೀರಿನಲ್ಲಿ ಅದೇ ಬಾಂಬಿನ ಪ್ಲುಟೋನಿಯಂ ಸಿಕ್ಕಿತೆಂದು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಯಿತು. ಐಸೊಟೋಪುಗಳ ಪ್ರಮಾಣವೇ ಅದರ ಬೆರಳಚ್ಚು. ನೀರನ್ನು ಸೋಸಿದಾಗ ಅದು ಹೆಚ್ಚುಕಡಿಮೆ ಪೂರ್ತಿ ಕಲಿಲಕಣಗಳ ಜೊತೆಗೇ ಇತ್ತು. ರಷ್ಯದ ಮಾಯಾಕ್‌ನಲ್ಲೂ ಕಬ್ಬಿಣದ ಆಕ್ಸೈಡಿನ ಕಣಗಳ ಮೇಲೆ ಪ್ಲುಟೋನಿಯಂ ಕಿಲೋಮೀಟರುಗಟ್ಟಲೆ ಸಾಗಿದ್ದು 2006ರಲ್ಲಿ ತಿಳಿದುಬಂತು.

ನೆವಾಡಾದಲ್ಲಿ ಸಿಕ್ಕಿದ್ದು ಅತ್ಯಲ್ಪ. ಬಾಂಬಿನ ಗುಂಡಿಗೂ ಜಾಗರೂಕತೆಯಿಂದ ಕಟ್ಟಿದ ಭಂಡಾರಕ್ಕೂ ವ್ಯತ್ಯಾಸವಿದೆ. ಇದನ್ನು ಮುಚ್ಚಿಟ್ಟು ಕೂಗಾಡುವ ನಮ್ಮ ಕಡೆಯವರ ಮೇಲೂ ನನಗೆ ಸಿಟ್ಟಿದೆ. ಆದರೆ ಭಂಡಾರವೇ ಕಲಿಲದ ಕಾರ್ಖಾನೆ ಎಂಬುದನ್ನೂ ಹೇಳಬೇಕಲ್ಲ! ತ್ಯಾಜ್ಯ ಬೆರೆಸಿದ ಗಾಜು ಸವೆದರೆ ಕಣ, ಉಕ್ಕಿನ ಪೀಪಾಯಿ ತುಕ್ಕು ಹಿಡಿದರೆ ಕಣ. ಪೀಪಾಯಿಯ ಸುತ್ತ ನೀರು ತಡೆಯಲೆಂದು ತುಂಬುವ ಬೆಂಟೊನೈಟ್ ಜೇಡಿಯೇ ಲವಣ ಕಡಿಮೆಯಿರುವ ನೀರು ಸೋಕಿದಾಗ ಕಣಕಣವಾಗಿ ಬಿಟ್ಟುಕೊಳ್ಳಬಲ್ಲದು. ಸ್ವೀಡನ್ನಿನವರು ಮುಂದಿನ ಹಿಮಯುಗದ ಕರಗುನೀರನ್ನೂ ಲೆಕ್ಕಕ್ಕೆ ಹಿಡಿದದ್ದು ಇದೇ ಭಯದಿಂದ. ಪ್ಲುಟೋನಿಯಂ-239 ಅರ್ಧವಾಗಲು 24,000 ವರ್ಷ ಬೇಕು. ಅಷ್ಟು ದೂರದ ಯೋಚನೆ ಅತಿಯಾಯಿತು ಎನ್ನುವಂತಿಲ್ಲ.

ಇದು ನಮಗೇಕೆ ಎನ್ನುವವರು 2012 ನೆನಪಿಸಿಕೊಳ್ಳಲಿ. ಕೂಡಂಕುಳಂ ಮೊಕದ್ದಮೆಯಲ್ಲಿ, ತ್ಯಾಜ್ಯ ಹೂಳುವ ಜಾಗವೆಂದು ಸುಪ್ರೀಂ ಕೋರ್ಟಿನ ಮುಂದೆ ಕೋಲಾರದ ಚಿನ್ನದ ಗಣಿಯ ಹೆಸರು ಬಂತು. ಜನ ಬೀದಿಗಿಳಿದರು, ಸರ್ಕಾರ ಅಂಥ ಯೋಜನೆಯೇ ಇಲ್ಲವೆಂದಿತು. ಆ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಬಂಡೆ ಎಷ್ಟು ಗಟ್ಟಿ, ಗಣಿ ಎಷ್ಟು ಆಳ ಎಂಬ ಮಾತೇ. 2001ರಲ್ಲಿ ಮುಚ್ಚಿದ ಆ ಗಣಿಯಲ್ಲಿ ನೀರು ತುಂಬಿದೆ. ಆ ನೀರಿನಲ್ಲಿ ಏನು ತೇಲುತ್ತಿದೆ ಎಂದು ಕೇಳಿದವರು ನನಗೆ ಸಿಗಲಿಲ್ಲ.

ಮುಂದೆ ಯಾವ ಊರಿನ ಬಂಡೆ ತೋರಿಸಿದರೂ ನನ್ನದೊಂದೇ ಬೇಡಿಕೆ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅಲ್ಲಿನ ಆಳದ ನೀರು ತೆಗೆದು, ಲವಣವೆಷ್ಟು, ಕಲಿಲವೆಷ್ಟು ಎಂದು ಅಳೆದು, ಆ ಅಂಕಿಗಳನ್ನು ಪಂಚಾಯ್ತಿ ಕಟ್ಟಡದ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಆಮೇಲೆ ಬಂಡೆಯ ಮಾತಾಡೋಣ.